ಬೂದಿರೆಕ್ಕೆಯ ಹದಿನಾಲ್ಕು ಸೆಕೆಂಡು

ಜನವರಿ ೧೨

ತಮ್ಮನಿಗೆ,

ಐದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಯಾರು ಹೋದರೋ ಎಂದು ಗಾಬರಿಯಾಗಬೇಡ. ಹೋಗುವವರು ಎಂದರೆ ಇನ್ನು ನೀನು, ನಾನು ಇಬ್ಬರೇ. ನಾನಂತೂ ಗಟ್ಟಿಯಾಗಿದ್ದೇನೆ. ಹೊರಟು ನಿಂತಿರುವುದು ಬೂದಿರೆಕ್ಕೆ ಮೀನು.

ನಿನ್ನೆ ನಮ್ಮ ಮೀನುಮನೆಯ ಸಾಹೇಬರು ನನ್ನನ್ನು ಒಳಗೆ ಕರೆದು ಕಡತ ಬಿಚ್ಚಿದರು. ಅದರಲ್ಲಿ ನಿನ್ನ ಪ್ರಬಂಧ ಇತ್ತು. ಎಷ್ಟು ಸಲ ತೆಗೆದು ಓದಿದ್ದಾರೋ, ಅಂಚೆಲ್ಲ ಮುದುಡಿಹೋಗಿದೆ. ಕೆಂಪು ಗೆರೆ ಎಳೆದ ಜಾಗವನ್ನು ನನಗೆ ಓದಿ ಹೇಳಿದರು. ಬೂದಿರೆಕ್ಕೆಯ ವೀರ್ಯಾಣು ನೀರು ಸೋಕಿದ ಮೇಲೆ ಹದಿನಾಲ್ಕು ಸೆಕೆಂಡು ಮಾತ್ರ ಈಜುತ್ತದೆ, ಮೂರರಲ್ಲಿ ಎರಡು ಪಾಲು ಈಜುವುದೇ ಇಲ್ಲ, ಆದ್ದರಿಂದ ಕೈಯಿಂದ ಮರಿ ಮಾಡಿಸಲು ಈ ಜಾತಿ ತಕ್ಕುದಲ್ಲ.

"ಬರೆದಿದ್ದು ನಿಮ್ಮ ತಮ್ಮ ತಾನೇ?" ಅಂದರು.

"ಹೌದು."

"ಮತ್ತೆ ನನ್ನ ಹತ್ರ ಯಾಕಮ್ಮ ಜಗಳಕ್ಕೆ ಬರ್ತೀರಾ? ಮನೇಲೇ ಆಡ್ಕೊಳ್ಳಿ."

ಆ ಪ್ರಬಂಧಕ್ಕೆಂದು ನೀನು ಇಲ್ಲಿಗೆ ಬಂದಾಗ ಬೂದಿರೆಕ್ಕೆಗೆ ಒಂಬತ್ತು ತೊಟ್ಟಿ ಇದ್ದವು. ಪ್ರಬಂಧ ಅಚ್ಚಾದ ವರ್ಷ ಮೂರಾದವು. ಈಗ ಒಂದು. ಮೇ ಕೊನೆಗೆ ಅದನ್ನೂ ಖಾಲಿ ಮಾಡಿ ಗೆಂಡೆ ಮೀನಿಗೆ ಕೊಡಬೇಕಂತೆ. ಹೊಳೆಯಲ್ಲಿ ಬಲೆ ಹಾಕಿ ಹಾಕಿ ಸಾಕಾಯಿತು, ನಾಲ್ಕು ವರ್ಷದಿಂದ ಒಂದೂ ಬಿದ್ದಿಲ್ಲ. ತೊಟ್ಟಿಯಲ್ಲಿರುವ ಹನ್ನೊಂದು ಗಂಡು, ಆರು ಹೆಣ್ಣು, ಅಷ್ಟೇ ಲೆಕ್ಕ.

ನೀನು ಬರೆದದ್ದು. ನೀನೇ ತಿದ್ದು.

ಅಕ್ಕ

*

ಜನವರಿ ೨೪

ಅಕ್ಕನಿಗೆ,

ಕಾಗದ ತಲುಪಿತು. ಎರಡು ದಿನ ಮೇಜಿನ ಮೇಲಿಟ್ಟುಕೊಂಡಿದ್ದೆ.

ನನ್ನ ಕೋಣೆ ಮೂರನೆಯ ಮಹಡಿಯಲ್ಲಿದೆ. ಕಿಟಕಿ ತೆರೆದರೆ ಇನ್ನೊಂದು ಕಟ್ಟಡದ ಗೋಡೆ. ಅಲ್ಲಿ ಪೈಪೊಂದು ಸೋರಿ ಗೋಡೆಯ ಮೇಲೆ ಹಸಿರು ಪಟ್ಟೆ ಬೆಳೆದಿದೆ. ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಎಂದು ನನಗೆ ಗೊತ್ತು. ಬೇರೆ ವಿಷಯ ಬರೆಯುವ ಮೊದಲು ಇದನ್ನು ಯಾಕೆ ಬರೆದೆನೋ ತಿಳಿಯದು.

ಎಣಿಕೆ ಅಭಿಪ್ರಾಯವಲ್ಲ. ಅಂದು ನಲವತ್ತೆರಡು ಮಾದರಿಗಳನ್ನು ನೋಡಿದ್ದೆ. ಪ್ರತಿಯೊಂದಕ್ಕೂ ನೀರಿನ ಹನಿ ಸೇರಿಸಿ, ಕೊನೆಯ ಬಾಲ ನಿಲ್ಲುವವರೆಗೆ ಗಡಿಯಾರ ಹಿಡಿದಿದ್ದೆ. ಹದಿನಾಲ್ಕು ಎಂಬುದು ಅವುಗಳ ಸರಾಸರಿ. ನಿನಗೆ ನನ್ನ ಮೇಲೆ ಕೋಪವಿದೆ ಎಂಬ ಕಾರಣಕ್ಕೆ ಅದು ಹದಿನೈದಾಗುವುದಿಲ್ಲ.

ತೊಟ್ಟಿಯ ವಿಷಯ ಕೇಳಿ ಬೇಸರವಾಯಿತು.

ತಮ್ಮ

*

ಫೆಬ್ರವರಿ ೩

ಗುಮ್ಮನಗುಸುಕನಿಗೆ,

ಬೇಸರವಾಯಿತಂತೆ. ನಿನ್ನ ಬೇಸರವನ್ನು ತೊಟ್ಟಿಗೆ ಸುರಿದರೆ ಮೀನು ಬದುಕುತ್ತದೆಯೇ?

ನನ್ನ ಕೋಪ ನನ್ನ ಹತ್ತಿರ ಇರಲಿ, ಅದಕ್ಕೆ ಬೇರೆ ಜಾಗವಿದೆ. ನಾನು ಕೇಳುತ್ತಿರುವುದು ಒಂದೇ. ಹೊಳೆಯಲ್ಲಿ ಯಾರ ಹಂಗಿಲ್ಲದೆ ಲಕ್ಷಗಟ್ಟಲೆ ಮರಿ ಹಾಕುತ್ತಿದ್ದ ಮೀನು ಇದು. ನಾವು ಚಿಕ್ಕವರಿದ್ದಾಗ ಮೊಣಕಾಲುದ್ದ ನೀರಲ್ಲಿ ನಿಂತರೆ ಕಾಲಿಗೆ ಬಂದು ಬಡಿಯುತ್ತಿದ್ದವು. ಹದಿನಾಲ್ಕು ಸೆಕೆಂಡಿನ ಬೀಜದಿಂದ ಅಷ್ಟೊಂದು ಮೀನು ಆಯಿತೇ? ನನ್ನ ಕೈಗೆ ಬಂದ ಮೇಲೆ ಸಾವಿರ ಮೊಟ್ಟೆಗೆ ಎಂಟು ಮರಿ. ಹೊಳೆಗೆ ಒಂದು ನ್ಯಾಯ, ತೊಟ್ಟಿಗೆ ಒಂದು ನ್ಯಾಯ ಹೇಗಾಗುತ್ತದೆ?

ನನಗೆ ಓದು ಇಲ್ಲ, ನಿನಗೆ ಇದೆ. ಯೋಚನೆ ಮಾಡು. ಯೋಚಿಸಿದರೆ ಸಂಬಳ ಕಡಿಮೆಯಾಗುವುದಿಲ್ಲವಷ್ಟೆ.

ಅಕ್ಕ

*

ಫೆಬ್ರವರಿ ೨೭

ಅಕ್ಕನಿಗೆ,

ನಿನ್ನ ಪ್ರಶ್ನೆಗೆ ಉತ್ತರ ಹುಡುಕಿದೆ ಎನ್ನಲಾರೆ. ಬೇರೆ ಕೆಲಸ ಮಾಡುತ್ತಿದ್ದಾಗ ಅದು ಎದುರಿಗೆ ಬಂದು ನಿಂತಿತು.

ನಿನಗೆ ಗೊತ್ತಾಗುವ ಹಾಗೆ ಬರೆಯಲು ನೋಡುತ್ತೇನೆ. ಮೀನಿನ ವೀರ್ಯಾಣುವಿನ ತಲೆ ಸಾಸಿವೆಯ ಹಾಗೆ ಗುಂಡಗಿರುತ್ತದೆ. ಬೇರೆ ಪ್ರಾಣಿಗಳಲ್ಲಿ ಆ ತಲೆಯ ಮೇಲೆ ಮೊಟ್ಟೆಯ ಗೋಡೆ ಕೊರೆಯಲು ಒಂದು ಟೋಪಿ ಇರುತ್ತದೆ. ಇದಕ್ಕಿಲ್ಲ. ಇದರ ಮೊಟ್ಟೆಯಲ್ಲೇ ಸೂಜಿಮೊನೆಯಷ್ಟು ಸಣ್ಣ ಬಾಗಿಲೊಂದಿದೆ, ಅದನ್ನು ಹುಡುಕಿ ಒಳಗೆ ಹೋಗಬೇಕು. ತಲೆಯ ಹಿಂದೆ ಕುತ್ತಿಗೆಯ ಸುತ್ತ ಗುಳಿಗೆಗಳಂಥವು ನಾಲ್ಕೈದು ಅಂಟಿಕೊಂಡಿವೆ, ಅವು ಅದರ ಬುತ್ತಿ. ಆಮೇಲೆ ಬಾಲ, ತಲೆಗಿಂತ ಇಪ್ಪತ್ತು ಪಟ್ಟು ಉದ್ದ. ಗಂಡಿನ ಹೊಟ್ಟೆಯಲ್ಲಿರುವಷ್ಟು ಕಾಲ ಇದು ಕದಲುವುದಿಲ್ಲ. ಸತ್ತಂತೆ ಮಲಗಿರುತ್ತದೆ. ಹೊರಗಿನ ತಿಳಿನೀರು ಸೋಕಿತೋ, ಆ ಕ್ಷಣ ಎದ್ದು ಓಡುತ್ತದೆ. ಒಂದೇ ಓಟ. ಬುತ್ತಿ ತೀರಿದ ಮೇಲೆ ಮತ್ತೊಂದು ಓಟವಿಲ್ಲ.

ಕಳೆದ ವಾರ ಬೇರೊಂದು ಮೀನಿನ ಚಿತ್ರಗಳನ್ನು ದೊಡ್ಡ ಯಂತ್ರದಲ್ಲಿ ತೆಗೆದೆ. ನೀರು ಸೋಕುವ ಮೊದಲು ಕೆಲವು, ಓಟ ಮುಗಿದ ಮೇಲೆ ಕೆಲವು. ಮೊದಲಿನವುಗಳಲ್ಲಿ ಬಾಲ ನೇರ. ಓಡಿ ಮುಗಿಸಿದವುಗಳಲ್ಲಿ ಕುತ್ತಿಗೆ ಉಬ್ಬಿ ಬಾಲದ ತುದಿ ಸುರುಳಿಯಾಗಿತ್ತು. ಚಿತ್ರ ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತಿದ್ದೆ. ಆ ಸುರುಳಿಯನ್ನು ನಾನು ಮೊದಲು ಎಲ್ಲೋ ನೋಡಿದ್ದೇನೆ ಎನ್ನಿಸುತ್ತಿತ್ತು.

ಬೂದಿರೆಕ್ಕೆಯಲ್ಲಿ ನೋಡಿದ್ದೆ. ನಿನ್ನ ಮೀನಿನ ಹಳೆಯ ಚಿತ್ರಗಳನ್ನು ಪೆಟ್ಟಿಗೆಯಿಂದ ತೆಗೆದು ನೋಡಿದೆ. ನೂರಕ್ಕೆ ಅರವತ್ತು ಬಾಲಗಳ ತುದಿ ಸುರುಳಿಯಾಗಿದೆ. ನೀರು ಸೋಕಿಸುವ ಮೊದಲೇ ತೆಗೆದಿಟ್ಟ ಮಾದರಿಗಳವು. ಪ್ರಬಂಧದಲ್ಲಿ ನಾನು ಬರೆದಿರುವುದು ಹೀಗೆ: "ಬಾಲದ ತುದಿ ಸುರುಳಿಯಾಗಿರುವುದು ಈ ಜಾತಿಯ ವಿಶೇಷ ಲಕ್ಷಣ."

ಹೆಣದ ಭಂಗಿಯನ್ನು ನೋಡಿ ಬದುಕಿದ್ದವನ ಸ್ವಭಾವ ಬರೆದ ಹಾಗೆ.

ನನ್ನ ಗಾಜಿನ ಮೇಲೆ ಬರುವ ಮೊದಲೇ ಅವು ಎಲ್ಲೋ ಓಡಿ ಮುಗಿಸಿದ್ದವು. ಎಲ್ಲಿ ಎಂಬುದು ಗೊತ್ತಾಗಬೇಕು. ನೀನು ಮೀನು ಹಿಂಡುವುದನ್ನು ಮೊದಲಿಂದ ಕೊನೆಯವರೆಗೆ, ಒಂದು ಹೆಜ್ಜೆಯನ್ನೂ ಬಿಡದೆ ಬರೆ. ಎಲ್ಲಿಂದಾದರೂ ನೀರು ತಗಲುವ ಸಾಧ್ಯತೆ ಇದೆಯೇ?

ತಮ್ಮ

*

ಮಾರ್ಚ್ ೬

ತಮ್ಮನಿಗೆ,

ಇದನ್ನು ಐದು ವರ್ಷದ ಹಿಂದೆ ಕೇಳಬಹುದಾಗಿತ್ತು. ಇರಲಿ, ಕೇಳಿದೆಯಲ್ಲ.

ಮೀನು ಹಿಂಡುವುದು ನನಗೆ ಅಜ್ಜ ಕಲಿಸಿದ್ದು. ನಮ್ಮ ಅಜ್ಜನಲ್ಲ, ಇಲ್ಲಿ ನನಗಿಂತ ಮುಂಚೆ ಈ ಕೆಲಸ ಮಾಡುತ್ತಿದ್ದವನು. ಎಲ್ಲರೂ ಅವನನ್ನು ಅಜ್ಜ ಅಂತಲೇ ಕರೆಯುತ್ತಿದ್ದರು, ಅವನ ಹೆಂಡತಿಯೂ. ಅವನ ಮೊದಲ ಪಾಠ, "ಒಣಗೈ ಮೀನಿಗೆ ಕಾದ ಹೆಂಚು." ಮೀನಿನ ಮೈಮೇಲೆ ಲೋಳೆ ಇರುತ್ತದಲ್ಲ, ಅದು ಅದರ ಅಂಗಿ. ಒಣಗಿದ ಕೈಯಿಂದ ಹಿಡಿದರೆ ಅಂಗಿ ಕಿತ್ತು ಬರುತ್ತದೆ, ಮೂರನೇ ದಿನ ಆ ಜಾಗದಲ್ಲಿ ಬಿಳಿ ಬೂಷ್ಟು ಹತ್ತಿ ಮೀನು ಸಾಯುತ್ತದೆ. ಅದಕ್ಕೆ ನಾನು ಬಕೆಟ್ಟಿನಲ್ಲಿ ಮೊಣಕೈವರೆಗೆ ಕೈ ಅದ್ದುತ್ತೇನೆ. ಗಂಡನ್ನು ಎತ್ತಿ ಎಡಗೈ ಮೇಲೆ ಮಲಗಿಸುತ್ತೇನೆ. ಬಲಗೈಯನ್ನು ಇನ್ನೊಂದು ಸಲ ಅದ್ದಿ, ಹೆಬ್ಬೆರಳಿಂದ ಹೊಟ್ಟೆಯ ಮೇಲಿಂದ ಬಾಲದ ಕಡೆಗೆ ನಿಧಾನವಾಗಿ ಒತ್ತುತ್ತೇನೆ. ಬೀಜ ತುಂಬಿದ ಹಾಲು ಬರುತ್ತದೆ. ತೊಳೆದು ಕೊಡವಿದ ಸೀಸೆಯಲ್ಲಿ ಹಿಡಿಯುತ್ತೇನೆ. ಮುಂದಿನ ಮೀನಿಗೆ ಮತ್ತೆ ಕೈ ಅದ್ದುತ್ತೇನೆ. ನೀನು ಬಂದಾಗಲೂ ಹೀಗೇ ಮಾಡಿದ್ದು. ನೀನು ಒಳಗೆ, ನಾನು ಹೊರಗೆ. ಸೀಸೆಯನ್ನು ಕಿಟಕಿಯಲ್ಲಿ ಇಡುತ್ತಿದ್ದೆ, ನೀನು ತೆಗೆದುಕೊಳ್ಳುತ್ತಿದ್ದೆ.

ಮೂವತ್ತೊಂದು ವರ್ಷದಲ್ಲಿ ನನ್ನ ಕೈಯಿಂದ ಒಂದು ಮೀನಿಗೂ ಬೂಷ್ಟು ಹತ್ತಿಲ್ಲ. ಬೇರೆ ಬೇರೆ ಮೀನುಮನೆಗಳಿಂದ ಇಪ್ಪತ್ತಾರು ಜನ ಇಲ್ಲಿಗೆ ಬಂದು ನನ್ನ ಹತ್ತಿರ ಕಲಿತು ಹೋಗಿದ್ದಾರೆ. ನಿನ್ನ ಪ್ರೊಫೆಸರರು ಕಾರಿನಿಂದ ಇಳಿದು "ಇವರು ಯಾರು?" ಅಂದಾಗ ನೀನು "ಇಲ್ಲಿ ಕೆಲಸಕ್ಕಿರೋರು" ಅಂದೆಯಲ್ಲ, ಆ ಕೆಲಸ ಇದು.

ಅಕ್ಕ

*

ಮಾರ್ಚ್ ೨೫

ಗುಮ್ಮ,

ಹತ್ತೊಂಬತ್ತು ದಿನವಾಯಿತು, ನಿನ್ನಿಂದ ಉತ್ತರವಿಲ್ಲ. ಚಿಕ್ಕವನಿದ್ದಾಗ ಏನಾದರೂ ಒಡೆದರೆ ಹೀಗೇ ಬಾಯಿ ಹೊಲಿದುಕೊಂಡು ಮೂಲೆಯಲ್ಲಿ ಕೂರುತ್ತಿದ್ದೆ. ಒಡೆದದ್ದು ಯಾವುದೆಂದು ನಾವೇ ಮನೆಯೆಲ್ಲ ಹುಡುಕಬೇಕಿತ್ತು. ಈ ಸಲ ಒಡೆದಿರುವುದು ನೀನಲ್ಲ, ನಾನು. ಅದಕ್ಕೇ ಬಾಯಿ ಬಿಡುತ್ತಿಲ್ಲ. ಸರಿ ತಾನೇ?

ನಿನ್ನ ಪ್ರಶ್ನೆಯನ್ನು ಮತ್ತೆ ತೆಗೆದು ಓದಿದೆ. ಆಮೇಲೆ ತೊಟ್ಟಿಯ ಹತ್ತಿರ ಹೋಗಿ ಕೈ ಅದ್ದಿ, ಎತ್ತಿ ಹಿಡಿದು ಸುಮ್ಮನೆ ನೋಡುತ್ತ ನಿಂತೆ. ಹೆಬ್ಬೆರಳ ತುದಿಯಿಂದ ಹನಿ ಬಿತ್ತು. ಒಂದು, ಎರಡು, ಮೂರು, ನಾಲ್ಕು. ಗೆಂಡೆ ಗಂಡು ಚಮಚೆ ತುಂಬ ಹಾಲು ಕೊಡುತ್ತದೆ, ನಾಲ್ಕು ಹನಿ ನೀರು ಬಿದ್ದರೆ ಅದಕ್ಕೆ ಲೆಕ್ಕವೇ ಇಲ್ಲ. ಬೂದಿರೆಕ್ಕೆ ಕೊಡುವುದೇ ಮೂರು ಹನಿ.

ನನ್ನ ಬೆರಳ ಮೇಲೇ ಓಡಿ ಮುಗಿಸುತ್ತಿದ್ದವು. ಮೂವತ್ತೊಂದು ವರ್ಷ.

ಊಟ ಸೇರಲಿಲ್ಲ, ನಿಜ. ಮಾರನೆಯ ದಿನ ಸೇರಿತು. ಅತ್ತುಕೊಂಡು ಕೂರಲು ನನಗೆ ಪುರುಸೊತ್ತಿಲ್ಲ, ಗಂಡುಗಳು ಇನ್ನು ಎರಡು ವಾರಕ್ಕೆ ಹಣ್ಣಾಗುತ್ತವೆ. ನಾನು ಅಂದುಕೊಂಡದ್ದು ನಿಜವೋ ಸುಳ್ಳೋ ನನ್ನ ಕಣ್ಣಿಂದಲೇ ನೋಡಬೇಕು. ಒಂದು ಮೈಕ್ರೋಸ್ಕೋಪು ಕಳಿಸು. ಹಳೆಯದಾದರೂ ಆದೀತು. ಹೇಗೆ ನೋಡುವುದೆಂದು ಬರೆ. ನನಗೆ ಬೇಜಾರಾಗುತ್ತದೆ ಅಂತ ಸುತ್ತಿಬಳಸಿ ಬರೆಯಬೇಡ.

ಅಕ್ಕ

*

ಏಪ್ರಿಲ್ ೨

ಅಕ್ಕ,

ಪೆಟ್ಟಿಗೆ ಬೇರೆ ಬರುತ್ತದೆ. ಒಳಗೆ ಹುಲ್ಲು ತುರುಕಿದ್ದೇನೆ, ನಿಧಾನವಾಗಿ ತೆಗೆ.

ಗಾಜಿನ ಪಟ್ಟಿಯ ಮೇಲೆ ಸೂಜಿಯ ಮೊನೆಯಿಂದ ಹಾಲನ್ನು ಮುಟ್ಟಿಸು, ಕಾಣಿಸದಷ್ಟು ಸಾಕು. ಮೊದಲು ನೀರಿಲ್ಲದೆ ನೋಡು. ಏನೂ ಕದಲಬಾರದು. ಕದಲುತ್ತಿದ್ದರೆ ನೀರು ಆಗಲೇ ಸೇರಿದೆ ಎಂದರ್ಥ, ಅದನ್ನು ಬರೆದಿಟ್ಟುಕೊ. ಆಮೇಲೆ ಕಣ್ಣು ತೆಗೆಯದೆ, ಇನ್ನೊಂದು ಕೈಯಿಂದ ಒಂದು ಹನಿ ತೊಟ್ಟಿನೀರು ಬಿಡು. ಆ ಕ್ಷಣದಿಂದ ಸಮಯ ಎಣಿಸಲು ಬೇರೊಬ್ಬರು ಬೇಕು. ನೀನೇ ಎಣಿಸಿದರೆ ನಿನಗೆ ಬೇಕಾದಷ್ಟಾಗುತ್ತದೆ. ಎಲ್ಲರಿಗೂ ಹಾಗೇ ಆಗುತ್ತದೆ. ಒಂದೇ ಗಂಡಿನಿಂದ ಎರಡು ಸೀಸೆ ಹಿಡಿ, ಒಂದು ಒಣಗೈಯಲ್ಲಿ, ಇನ್ನೊಂದು ನಿನ್ನ ಹಳೆಯ ರೀತಿಯಲ್ಲಿ. ಯಾವುದು ಯಾವುದೆಂದು ಎಣಿಸುವವರಿಗೆ ಹೇಳಬೇಡ.

ಸುತ್ತಿಬಳಸಬೇಡ ಎಂದೆ. ಆಗಲಿ. ನೀನು ಸೀಸೆ ಇಡುತ್ತಿದ್ದ ಕಿಟಕಿಯ ಕಟ್ಟೆ ಪ್ರತಿ ಸಲವೂ ಒದ್ದೆಯಾಗುತ್ತಿತ್ತು. ನಾನದನ್ನು ನೋಡಿದ್ದೆ. ನಲವತ್ತೆರಡು ಸಲ ನೋಡಿದ್ದೆ. ನನ್ನ ಕಾಗದಗಳು ನೆನೆಯದ ಹಾಗೆ ಪಕ್ಕಕ್ಕೆ ಸರಿಸಿಟ್ಟುಕೊಂಡಿದ್ದೆ. ಗಾಜಿನ ಕೆಳಗೆ ಕೂದಲಿನ ನೂರನೇ ಪಾಲನ್ನು ಅಳೆಯುವವನಿಗೆ ಕಣ್ಣೆದುರಿನ ಕಟ್ಟೆಯ ಮೇಲಿನ ನೀರು ಕಾಣಲಿಲ್ಲ. ಎದ್ದು ಹೊರಗೆ ಬಂದು ನಿನ್ನ ಪಕ್ಕ ಐದು ನಿಮಿಷ ನಿಂತಿದ್ದರೆ ಸಾಕಿತ್ತು. ಪ್ರೊಫೆಸರರು ಒಳಗೆ ಕೂತಿದ್ದರು. ನಾನು ಹೊರಗೆ ಬರಲಿಲ್ಲ. ಯಾಕೆಂದು ನಿನಗೆ ಗೊತ್ತು.

ತಮ್ಮ

*

ಏಪ್ರಿಲ್ ೧೫

ತಮ್ಮನಿಗೆ,

ಎಣಿಸಲು ಗುಮಾಸ್ತರನ್ನು ಹಿಡಿದೆ. ಕಚೇರಿಯ ಗೋಡೆ ಗಡಿಯಾರವನ್ನೇ ಕಿತ್ತು ಮಡಿಲಲ್ಲಿಟ್ಟುಕೊಂಡು ಕೂತರು.

"ಏನ್ ಎಣಿಸ್ಬೇಕು?"

"ಸೆಕೆಂಡು."

"ಅದು ಗೊತ್ತಾಯ್ತು. ಯಾತಕ್ಕೆ?"

"ಮೀನಿನ ಹಾಲು ಎಷ್ಟು ಹೊತ್ತು ಓಡತ್ತೆ ಅಂತ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಿವೃತ್ತಿಗೆ ಎರಡೇ ವರ್ಷ ಇದೆ ಕಣಮ್ಮ. ಇದನ್ನೂ ನೋಡ್ಬಿಟ್ಟೆ."

ಮೊದಲ ಸೀಸೆ. ಕಣ್ಣಿಟ್ಟೆ. ಅಯ್ಯೋ, ನೀನು ಇಷ್ಟು ವರ್ಷ ಇದನ್ನು ನೋಡುತ್ತ ಕೂತಿದ್ದೀಯಾ, ನಮಗೆ ಒಂದು ಮಾತೂ ಹೇಳದೆ! ನೀರಿಲ್ಲದಾಗಲೇ ಅಲ್ಲಲ್ಲಿ ಕೆಲವು ನಡುಗುತ್ತಿದ್ದವು. ಹನಿ ಬಿಟ್ಟೆ. ಒಂದಷ್ಟು ಓಡಿದವು, ನಿಂತವು. "ಸಾಕು" ಅಂದೆ. "ಹದಿಮೂರು" ಅಂದರು. ಅದು ಒದ್ದೆ ಕೈಯ ಸೀಸೆ.

ಎರಡನೆಯದು. ನೀರಿಲ್ಲದೆ ನೋಡಿದೆ, ಮರಳು ಚೆಲ್ಲಿದ ಹಾಗೆ ಎಲ್ಲ ಸುಮ್ಮನೆ ಬಿದ್ದಿದ್ದವು. ಹನಿ ಬಿಟ್ಟೆ. ಗಾಜು ಪೂರ್ತಿ ಕುದಿಯಿತು. ಒಂದು ಚುಕ್ಕೆಯೂ ನಿಂತಿರಲಿಲ್ಲ. ಗುಮಾಸ್ತರು ಮೂವತ್ತಕ್ಕೆ ಒಂದು ಸಲ ನನ್ನ ಕಡೆ ನೋಡಿದರು, ಐವತ್ತಕ್ಕೆ ಎದ್ದು ನಿಂತರು. "ಇನ್ನೂ ಇದೆಯಾ? ಇನ್ನೂ ಓಡ್ತಾ ಇದೆಯಾ? ಹೇಳ್ರೀ!" ಅರವತ್ತೆಂಟಕ್ಕೆ ಕೊನೆಯದು ನಿಂತಿತು.

ನಾಲ್ಕು ಗಂಡುಗಳಿಂದ ಹೀಗೇ ಮಾಡಿದೆ. ಒದ್ದೆಗೈ: ಹದಿಮೂರು, ಹದಿನೈದು, ಹದಿನಾಲ್ಕು, ಹನ್ನೊಂದು. ಒಣಗೈ: ಅರವತ್ತೆಂಟು, ಎಪ್ಪತ್ತೊಂದು, ಅರವತ್ತಾರು, ಎಪ್ಪತ್ತು. ಗುಮಾಸ್ತರು ತಮ್ಮ ಕೈಯಿಂದಲೇ ಬರೆದು ರುಜು ಹಾಕಿದ್ದಾರೆ. ಹಾಳೆ ಇದರ ಜೊತೆ ಇದೆ.

ಇನ್ನೊಂದನ್ನು ಮುಚ್ಚಿಡುವುದಿಲ್ಲ. ಒಣಗೈಯಲ್ಲಿ ಹಿಡಿದ ಮೊದಲ ಗಂಡಿಗೆ ಬೆನ್ನ ಮೇಲೆ ನನ್ನ ನಾಲ್ಕು ಬೆರಳ ಗುರುತಿನ ಮೇಲೇ ಬೂಷ್ಟು ಹತ್ತಿತು. ಮೊನ್ನೆ ಸತ್ತಿತು. ಅಜ್ಜ ಹೇಳಿದ್ದೂ ಸುಳ್ಳಲ್ಲ. ಅವನು ಮೀನನ್ನು ಉಳಿಸುವುದು ಕಲಿಸಿದ, ಹಾಲನ್ನಲ್ಲ. ಅದಕ್ಕೇ ಆಮೇಲಿನ ಮೂರಕ್ಕೆ ಮೈಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಸುತ್ತಿ, ಹೊಟ್ಟೆಯ ಕೆಳಗೆ ಎರಡು ಬೆರಳಿನಷ್ಟು ಜಾಗ ಮಾತ್ರ ಒರೆಸಿ, ಅಲ್ಲಿ ಮಾತ್ರ ಒಣಗೈ ಹಚ್ಚಿದೆ. ಅವು ಚೆನ್ನಾಗಿವೆ. ಉಳಿದದ್ದು ಹತ್ತು ಗಂಡು.

ಅಕ್ಕ

*

ಏಪ್ರಿಲ್ ೨೨

ಅಕ್ಕ,

ಹಾಳೆ ನೋಡಿದೆ. ಗುಮಾಸ್ತರ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ.

ನೀನು ಮಾಡಿದ್ದನ್ನು ನಾನೂ ಇಲ್ಲಿ ಇನ್ನೊಂದು ಮೀನಿನ ಮೇಲೆ ಮಾಡಿ ನೋಡಿದೆ. ಅದೇ ಫಲ. ತಿದ್ದುಪಡಿ ಬರೆದಿದ್ದೇನೆ, ಪ್ರಬಂಧ ಅಚ್ಚಾದ ಪತ್ರಿಕೆಗೂ ನಿಮ್ಮ ಸಾಹೇಬರಿಗೂ ಹೋಗುತ್ತದೆ. ಮುಖ್ಯ ಸಾಲು ಇದು: "ಮಾದರಿ ಸಂಗ್ರಹದ ಹಂತದಲ್ಲಿ ಉಂಟಾಗಿರಬಹುದಾದ ತಾಂತ್ರಿಕ ದೋಷದಿಂದ ಹಿಂದಿನ ಅಳತೆಗಳು ವಾಸ್ತವಕ್ಕಿಂತ ಕಡಿಮೆಯಾಗಿವೆ."

ಇದರಲ್ಲಿ ಯಾರಿಗೂ ನೋವಾಗುವಂಥದ್ದಿಲ್ಲ ಎಂದುಕೊಂಡಿದ್ದೇನೆ. ಒಪ್ಪಿಗೆಯಾದರೆ ಕಳಿಸುತ್ತೇನೆ.

ತಮ್ಮ

*

ಏಪ್ರಿಲ್ ೨೯

ತಮ್ಮನಿಗೆ,

ಒಪ್ಪಿಗೆಯಿಲ್ಲ.

ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದೀಯ. ಉಂಟಾಗಿರಬಹುದಾದ ದೋಷವಂತೆ. ತಾನಾಗಿ ಉಂಟಾಯಿತೇ ಅದು? ಈ ಸಾಲನ್ನು ಗುಮಾಸ್ತರಿಗೆ ಓದಿ ಹೇಳಿದೆ. "ಇದನ್ನ ಓದಿದ್ರೆ ಯಾರು ಏನು ಮಾಡಿದ್ರು ಅಂತ ದೇವರಿಗೂ ಗೊತ್ತಾಗಲ್ಲ, ನಾನು ಕಚೇರಿಲಿ ಬರೆಯೋದೇ ಹೀಗೆ" ಅಂದರು.

ನನ್ನ ಮರ್ಯಾದೆ ಕಾಯಲು ಹೀಗೆ ಬರೆದಿದ್ದೀಯ, ಗೊತ್ತು. ನನ್ನ ಮರ್ಯಾದೆ ಅಷ್ಟು ನಾಜೂಕಲ್ಲ. ನಾನು ಕಲಿಸಿದ ಇಪ್ಪತ್ತಾರು ಜನ ಇವತ್ತೂ ಎಲ್ಲೋ ಬಕೆಟ್ಟಿನಲ್ಲಿ ಕೈ ಅದ್ದುತ್ತಿದ್ದಾರೆ. ಅವರ ಸಾಹೇಬರುಗಳ ಕಡತದಲ್ಲಿ ನಿನ್ನ ತಿದ್ದುಪಡಿ ಸೇರುತ್ತದೆ. ತಾಂತ್ರಿಕ ದೋಷ ಅಂತ ಓದಿ ಯಾವನು ತನ್ನ ಕೈ ನೋಡಿಕೊಳ್ಳುತ್ತಾನೆ?

ಹೀಗೆ ಬರೆ: ಮೀನು ಹಿಂಡುವವಳು ತನ್ನ ಕೈಯನ್ನು ನೀರಿನಲ್ಲಿ ಅದ್ದಿಕೊಂಡಿದ್ದಳು. ಬೆರಳಿನ ನೀರು ಹಾಲಿಗೆ ಸೇರಿತು. ಅಷ್ಟೇ.

ನೀನು ಹೊರಗೆ ಬಂದು ನೋಡಲಿಲ್ಲ ಅನ್ನುವುದನ್ನೂ ಬರೆ. ಯಾಕೆ ಬರಲಿಲ್ಲ ಎಂಬುದನ್ನು ಬರೆಯಬೇಡ. ಅದು ಮೀನಿನ ವಿಷಯವಲ್ಲ.

ಹೆಣ್ಣುಗಳು ಮೇ ಹದಿನಾರಕ್ಕೆ ತಯಾರಾಗುತ್ತವೆ. ಆರರಲ್ಲಿ ಎರಡರ ಹೊಟ್ಟೆ ತುಂಬಿದೆ, ಉಳಿದ ನಾಲ್ಕನ್ನು ನಂಬುವ ಹಾಗಿಲ್ಲ. ತೊಟ್ಟಿಗೆ ಗಡುವು ಮೂವತ್ತೊಂದು. ಒಂದೇ ಅವಕಾಶ. ಕೈ ಒಂದಾದರೆ ಸಾಲದು, ಮೀನನ್ನು ಬಟ್ಟೆಯಲ್ಲಿ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ಗುಮಾಸ್ತರಿಗೆ ಮೀನು ಮುಟ್ಟಲು ಅಸಹ್ಯವಂತೆ.

ಅಕ್ಕ

*

ಮೇ ೬

ಅಕ್ಕ,

ನೀನು ಹೇಳಿದ ಹಾಗೇ ಬರೆದು ಕಳಿಸಿದೆ. ಕಳಿಸುವ ಮೊದಲು ಪ್ರೊಫೆಸರರು ಓದಿ, "ಇಷ್ಟು ಬಿಡಿಸಿ ಹೇಳುವ ಅಗತ್ಯವಿತ್ತೇ? ಇವರು ಯಾರು, ಈ ಹಿಂಡುವವಳು?" ಎಂದು ಕೇಳಿದರು.

"ನನ್ನ ಅಕ್ಕ" ಎಂದೆ.

ಅವರು ಕಾಗದವನ್ನು ಇನ್ನೊಂದು ಸಲ ಓದಿ, ಕೆಳಗೆ ರುಜು ಹಾಕಿದರು.

ಹದಿನೈದರ ಸಂಜೆಗೆ ಬರುತ್ತೇನೆ. ಬೂಟು ತರಬೇಕೇ?

ತಮ್ಮ

*

ಮೇ ೨೦

ಅಕ್ಕ,

ಬಸ್ಸಿನಲ್ಲಿ ಪಕ್ಕದಲ್ಲಿದ್ದವರು ಎದ್ದು ಬೇರೆ ಕಡೆ ಹೋಗಿ ಕೂತರು. ಎಷ್ಟು ತೊಳೆದರೂ ಕೈಯ ವಾಸನೆ ಹೋಗಿಲ್ಲ. ನಾಳೆಗೆ ಹೋಗುತ್ತದೇನೋ.

ಅಲ್ಲಿ ಹೇಳಬೇಕೆಂದು ಬಂದದ್ದನ್ನು ಹೇಳಲಿಲ್ಲ. ಹೆಣ್ಣು ಒದೆದಾಗ ನೀನು "ಗಟ್ಟಿ ಹಿಡಿಯೋ, ಮದುಮಗಳ ಕೈ ಹಿಡಿದ ಹಾಗೆ ಹಿಡಿದಿದೀಯಲ್ಲ" ಎಂದು ಬೈದೆ. ಆಮೇಲೆ ಹೇಳುವುದೇನೂ ಉಳಿದಿರಲಿಲ್ಲ. ಮೊಟ್ಟೆ ಬೋಗುಣಿಗೆ ಬಿದ್ದದ್ದು, ಅದರ ಮೇಲೆ ನೀನು ಹಾಲು ಬಿಟ್ಟು ಹಕ್ಕಿಗರಿಯಿಂದ ತಿರುವಿದ್ದು, ಆಮೇಲೆ ನೀರು ಹೊಯ್ಯಲು ನನಗೆ ಕೊಟ್ಟದ್ದು, ಇಷ್ಟೇ ನೆನಪು. ಹೊಯ್ಯುವಾಗ ಮನಸ್ಸಿನಲ್ಲೇ ಸೆಕೆಂಡು ಎಣಿಸುತ್ತಿದ್ದೆ. ಇಪ್ಪತ್ತಕ್ಕೆ ಎಣಿಕೆ ತಪ್ಪಿತು. ಹೀಗೆ ತಪ್ಪಿದ್ದು ಇದೇ ಮೊದಲು.

ಮೊಟ್ಟೆ ಒಡೆದು ಮರಿ ಬರಲು ನಾಲ್ಕು ದಿನ ಎಂದು ನೀನು ಹೇಳಿದ್ದೆ. ಇವತ್ತು ನಾಲ್ಕು. ಕಾಗದ ಬರಲಿ ಎಂದು ಕಾಯುವಷ್ಟು ತಾಳ್ಮೆಯಿಲ್ಲ. ಕಚೇರಿಗೆ ಫೋನು ಮಾಡಿದೆ, ಗುಮಾಸ್ತರು ಎತ್ತಿ "ಎಣಿಸ್ತಾ ಇದಾರೆ, ಮಾತಾಡಿಸೋ ಹಾಗಿಲ್ಲ" ಎಂದು ಇಟ್ಟುಬಿಟ್ಟರು.

ನಿನ್ನ ತಮ್ಮ

*

ಜೂನ್ ೩

ತಮ್ಮನಿಗೆ,

ನೀನು ಮತ್ತೆ ಮತ್ತೆ ಫೋನು ಮಾಡಿ ಗುಮಾಸ್ತರ ತಲೆ ತಿನ್ನುತ್ತಿದ್ದೀಯಂತೆ. ಲೆಕ್ಕ ಬರವಣಿಗೆಯಲ್ಲೂ ಬೇಕು ಅಂದೆಯಂತೆ, ತಗೋ. ಸಾವಿರ ಮೊಟ್ಟೆಗೆ ಆರುನೂರ ಹನ್ನೆರಡು ಮರಿ. ಎರಡನೆಯ ಹೆಣ್ಣಿನದು ಐನೂರ ನಲವತ್ತು.

ಮೇ ಮೂವತ್ತಕ್ಕೆ ಸಾಹೇಬರು ಬಂದರು. ಬೋಗುಣಿಯೊಳಗೆ ರೆಪ್ಪೆಕೂದಲಿನಂಥ ಮರಿಗಳು ಗಿಜಿಗಿಜಿ ಅನ್ನುತ್ತಿದ್ದವು. ಬಗ್ಗಿ ನೋಡಿದರು. "ಇವು ಆಗಲ್ಲ ಅಂತ ಪ್ರಬಂಧದಲ್ಲಿದೆಯಲ್ಲಮ್ಮ" ಅಂದರು. ದೇವರಾಣೆಗೂ ಹಾಗೇ ಅಂದರು! ಅವರ ಮೇಜಿನ ಮೇಲೆ ಬಿಚ್ಚದೆ ಬಿದ್ದಿದ್ದ ನಿನ್ನ ತಿದ್ದುಪಡಿ ತಂದು ಕೊಟ್ಟೆ. ನಿಂತುಕೊಂಡೇ ಓದಿದರು. ಓದಿ ನನ್ನ ಕೈ ನೋಡಿದರು. ನಾನು ಬಚ್ಚಿಡಲಿಲ್ಲ.

"ನೀವೇ ಹೇಳಿ ಕಳಿಸಿದ್ರಾ ಹೀಗೆ ಬರೀರಿ ಅಂತ?"

"ಹೌದು."

"ನನ್ನ ಇಪ್ಪತ್ತು ವರ್ಷದ ಸರ್ವಿಸಲ್ಲಿ ಇಂಥ ಕಾಗದ ನೋಡಿಲ್ಲ."

ತೊಟ್ಟಿ ಉಳಿಯಿತು. ಪಕ್ಕದ್ದನ್ನೂ ಕೊಟ್ಟಿದ್ದಾರೆ. ಮುಂದಿನ ವರ್ಷವೂ ಇದೇ ಲೆಕ್ಕ ಬಂದರೆ ಮೂರನೆಯದು ನೋಡೋಣ ಅಂದಿದ್ದಾರೆ. ಬರುತ್ತದೆ.

ಇದರ ಜೊತೆ ಇನ್ನೊಂದು ಹಾಳೆ ಇದೆ. ಓದು, ತಪ್ಪಿದ್ದರೆ ತಿದ್ದು, ಮಾತು ಮಾತ್ರ ಬದಲಾಯಿಸಬೇಡ. ಇಪ್ಪತ್ತಾರು ಪ್ರತಿ ಬೇಕು. ಇಲ್ಲಿಯ ಯಂತ್ರ ಕೆಟ್ಟಿದೆ, ನಿಮ್ಮಲ್ಲಿ ತೆಗೆಸಿ ನೇರವಾಗಿ ಅಂಚೆಗೆ ಹಾಕು. ವಿಳಾಸಗಳು ಹಿಂಭಾಗದಲ್ಲಿವೆ.

ನಿನ್ನ ಅಕ್ಕ

*

ಜೂನ್ ೩

ಮೀನು ಹಿಂಡುವುದನ್ನು ನನ್ನ ಹತ್ತಿರ ಕಲಿತ ಎಲ್ಲರಿಗೂ,

ಕ್ಷೇಮ. ನಿಮಗೆ ನಾನು ಒಂದು ತಪ್ಪು ಕಲಿಸಿದ್ದೇನೆ.

ಹಿಂಡುವಾಗ ಕೈ ಒದ್ದೆ ಇರಲಿ ಎಂದು 'ಹೂಂ' ಅನ್ನಿಸಿ ಅನ್ನಿಸಿ ಹೇಳಿಕೊಟ್ಟಿದ್ದೆ. ಒಣಗೈ ತಂದವರ ಬೆನ್ನಿಗೆ ಗುದ್ದಿದ್ದೂ ಉಂಟು. ಮೀನನ್ನು ಎತ್ತುವಾಗ ಒದ್ದೆಗೈಯೇ ಸರಿ. ಹಾಲು ತೆಗೆಯುವಾಗ ತಪ್ಪು. ಬೆರಳಿನ ನೀರು ಸೋಕಿದರೆ ಹಾಲು ಅಲ್ಲೇ ಎದ್ದು, ಅಲ್ಲೇ ಓಡಿ, ಅಲ್ಲೇ ಮುಗಿಯುತ್ತದೆ. ಮೊಟ್ಟೆಗೆ ಏನೂ ಉಳಿಯುವುದಿಲ್ಲ. ಇದನ್ನು ನನ್ನ ಕಣ್ಣಿಂದ ನೋಡಿದ್ದೇನೆ.

ಇನ್ನು ಮೇಲೆ ಹೀಗೆ ಮಾಡಿ. ಒದ್ದೆಗೈಯಲ್ಲಿ ಎತ್ತಿ, ಒದ್ದೆ ಬಟ್ಟೆಯಲ್ಲಿ ಸುತ್ತಿ. ಹೊಟ್ಟೆಯ ಕೆಳಗೆ ಎರಡು ಬೆರಳಿನಷ್ಟು ಜಾಗ ಬಿಟ್ಟುಕೊಂಡು ಅದನ್ನು ಒಣಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಆಮೇಲೆ ನಿಮ್ಮ ಕೈ ಒರೆಸಿಕೊಳ್ಳಿ, ಬೆರಳ ಸಂದುಗಳನ್ನೂ. ಮೊದಲ ಹನಿಯಲ್ಲಿ ಮೂತ್ರ ಸೇರಿರುತ್ತದೆ, ಬಿಟ್ಟುಬಿಡಿ. ಸೀಸೆ ತೊಳೆದು ಕೊಡವಿದರೆ ಸಾಲದು, ಬಿಸಿಲಲ್ಲಿ ಬೋರಲು ಹಾಕಿ ಒಣಗಿಸಿ. ಹಾಲು ಮೊಟ್ಟೆಯ ಜೊತೆ ಬೆರೆತ ಮೇಲೆ ನೀರು.

ಗೆಂಡೆಯಲ್ಲಿ ನಿಮಗೆ ಹೆಚ್ಚು ವ್ಯತ್ಯಾಸ ಕಾಣದು. ಚಿಕ್ಕ ಮೀನುಗಳಲ್ಲಿ ಕಾಣುತ್ತದೆ. ನಿಮ್ಮಲ್ಲಿ ಕೆಲವರು ಬೇರೆ ಬೇರೆ ವರ್ಷ ನನಗೆ ಬರೆದಿದ್ದಿರಿ, ನಮ್ಮ ಹೊಳೆಯ ಇಂಥ ಮೀನು ಎಷ್ಟು ಹಿಂಡಿದರೂ ಮರಿಯಾಗುತ್ತಿಲ್ಲ, ಏನು ಮಾಡೋಣ ಎಂದು. ಅದರ ಬೀಜವೇ ಅಷ್ಟು, ಬಿಟ್ಟುಬಿಡಿ ಎಂದು ನಾನು ಉತ್ತರ ಬರೆದಿದ್ದೆ. ಆ ಉತ್ತರ ಇನ್ನೂ ಇಟ್ಟುಕೊಂಡಿದ್ದರೆ ಹರಿದುಹಾಕಿ. ಯಾವುದಾದರೂ ತೊಟ್ಟಿಯ ಮೂಲೆಯಲ್ಲಿ ಆ ಮೀನು ಒಂದು ಜೋಡಿ ಉಳಿದಿದ್ದರೂ, ಅದರ ಕಾಲ ಬಂದಾಗ ಒಣಗೈಯಲ್ಲಿ ಇನ್ನೊಂದು ಸಲ ಹಿಂಡಿ.

ಎಷ್ಟು ಮರಿಯಾಯಿತು, ನನಗೆ ಬರೆಯಿರಿ. ಏನೂ ಆಗದಿದ್ದರೂ ಬರೆಯಿರಿ.

ನಿಮಗೆ ಕಲಿಸಿದವಳು